ಎರಡನೇ ಶನಿವಾರಕ್ಕೊಂದು ಸಾಲು

ನಮ್ಮ ಕಡೆಯ ಅಡುಗೆಮನೆಗಳಲ್ಲಿ ತೂಗುಹಾಕಿದ ಕ್ಯಾಲೆಂಡರುಗಳನ್ನು ಹತ್ತಿರ ಹೋಗಿ ನೋಡಬೇಕು. ಬೆಂಗಳೂರು ಪ್ರೆಸ್ಸಿನದಾಗಲಿ, ಜವಳಿ ಅಂಗಡಿಯವರು ಪುಕ್ಕಟೆ ಕೊಟ್ಟದ್ದಾಗಲಿ, ಅಚ್ಚಾದ ಹಾಗೇ ಉಳಿದ ಕ್ಯಾಲೆಂಡರ್ ಒಂದೂ ಸಿಗುವುದಿಲ್ಲ. ಹಾಲು ಬಾರದ ದಿನಕ್ಕೆ ಅಡ್ಡಗೀಟು, ಅರ್ಧ ಲೀಟರ್ ಹೆಚ್ಚಿಗೆ ಕೊಂಡ ದಿನಕ್ಕೆ ಒಂದು ಚುಕ್ಕೆ, ಸಿಲಿಂಡರ್ ಬದಲಿಸಿದ ದಿನಕ್ಕೆ ‘ಗ್ಯಾಸ್’ ಎಂಬ ಎರಡಕ್ಷರ, ಚೀಟಿ ಕಂತಿನ ತಾರೀಖಿನ ಸುತ್ತ ಕೆಂಪು ಶಾಯಿಯ ಸೊನ್ನೆ. ಇದನ್ನು ಯಾರೂ ಯಾರಿಗೂ ಕಲಿಸಿಕೊಟ್ಟಿಲ್ಲ. ಒಂದು ಮನೆಯ ಗುರುತು ಇನ್ನೊಂದು ಮನೆಗೆ ಅರ್ಥವಾಗಬೇಕೆಂದೂ ಇಲ್ಲ. ಅಚ್ಚು ಹಾಕಿದವರು ಖಾಲಿ ಚೌಕ ಕೊಟ್ಟರು. ಅದರೊಳಗೆ ಏನು ಬರೆಯಬೇಕು, ಹೇಗೆ ಬರೆಯಬೇಕು ಎಂಬುದನ್ನು ಮನೆಯವರು ತೀರ್ಮಾನಿಸಿಕೊಂಡರು.

ಅದೇ ಜನ ಮೊಬೈಲಿನಲ್ಲಿ ಕೆಲಸದ ಪಟ್ಟಿ ಬರೆಯಲು ಕೂತಾಗ ಈ ಧಾರಾಳ ಕಾಣೆಯಾಗುತ್ತದೆ. ಅಲ್ಲಿ ಚೌಕವನ್ನು ಮಾಡಿದವರೇ ಗುರುತನ್ನೂ ಮಾಡಿಟ್ಟಿರುತ್ತಾರೆ. ಕೆಲಸ ಎಂದರೆ ಮುಗಿದದ್ದು ಅಥವಾ ಮುಗಿಯದ್ದು, ಎರಡೇ ಬಗೆ. ಪ್ರತಿ ತಿಂಗಳು ಬರುವುದೆಂದರೆ ಅದೇ ತಾರೀಖಿಗೆ ಬರುವುದು ಮಾತ್ರ. ನಮ್ಮ ಬದುಕಿಗೆ ಹೊಂದದ ಗೂಡು ಇದ್ದರೆ ನಾವೇ ಮೈ ಕುಗ್ಗಿಸಿಕೊಂಡು ಅದರೊಳಗೆ ಕೂರಬೇಕು. ಪಟ್ಟಿ ಬರೆಯುವವನ ನಡೆಗೆ ಪಟ್ಟಿಯೇ ಬಗ್ಗಬೇಕು ಎಂದು ಬಲವಾಗಿ ನಂಬುವವನು ನಾನು. ಹಾಗೆ ಬಗ್ಗುವ ಒಂದು ಸಲಕರಣೆಯ ಬಗ್ಗೆ ಸ್ವಲ್ಪ ಹೊತ್ತು ಹರಟಬೇಕೆನಿಸಿದೆ.

ಅದರ ಹೆಸರು ಆರ್ಗ್ ಮೋಡ್. ಅದು ಇರುವುದು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಒಳಗೆ. ಈಮ್ಯಾಕ್ಸ್ ಹಳೆಯ ಜೀವ. 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಅದರ ಮೊದಲ ರೂಪವನ್ನು ಕಟ್ಟಿದರು. ಇವತ್ತು ಎಲ್ಲರೂ ಇಳಿಸಿಕೊಳ್ಳುವ ಗ್ನೂ ಈಮ್ಯಾಕ್ಸ್ 1985ರಲ್ಲಿ ಹೊರಬಂತು. ಅದರ ಬಹುಪಾಲು ಲಿಸ್ಪ್ ಭಾಷೆಯಲ್ಲಿದೆ, ಮತ್ತು ಆ ಬಹುಪಾಲನ್ನು ಬಳಸುವವರು ತಿದ್ದಬಹುದು. ನಿಲ್ಲಿಸಿ ಮತ್ತೆ ಶುರು ಮಾಡುವ ಅಗತ್ಯವೂ ಇಲ್ಲ. ಕೆಲಸ ಮಾಡುತ್ತಿರುವಾಗಲೇ ಒಂದು ಸಾಲು ಬರೆದು, ಅದನ್ನು ಅಲ್ಲೇ ನಡೆಸಿ, ಸಂಪಾದಕದ ನಡವಳಿಕೆಯನ್ನು ಬದಲಿಸಿಕೊಂಡು ಮುಂದೆ ಹೋಗಬಹುದು.

ಆರ್ಗ್ ಬಂದದ್ದು 2003ರಲ್ಲಿ. ಅದನ್ನು ಬರೆದವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್. ಎಳೆಯ ನಕ್ಷತ್ರಗಳ ಸುತ್ತಲಿನ ಧೂಳಿನಿಂದ ಗ್ರಹಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದು ಅವರ ಅಧ್ಯಯನದ ವಿಷಯ. ಸಂಶೋಧಕರ ಟಿಪ್ಪಣಿ ಹೇಗಿರುತ್ತದೆ ಎಂಬುದು ನಮಗೂ ಗೊತ್ತಿರುವ ಸಂಗತಿಯೇ. ಒಂದು ವಿಚಾರವನ್ನು ಬರೆಯುತ್ತ ಹೋದಂತೆ ನಡುವೆ ‘ಇದನ್ನು ಅವರಿಗೆ ಕೇಳಬೇಕು’, ‘ಈ ಲೆಕ್ಕ ಇನ್ನೊಮ್ಮೆ ನೋಡಬೇಕು’ ಎಂಬ ಸಾಲುಗಳು ಹುಟ್ಟುತ್ತವೆ. ಆ ಸಾಲುಗಳನ್ನು ಕಿತ್ತು ಬೇರೆ ಪುಸ್ತಕಕ್ಕೆ ಹಾಕಿದರೆ ಅವು ಯಾಕೆ ಹುಟ್ಟಿದವು ಎಂಬುದೇ ಮರೆತುಹೋಗುತ್ತದೆ. ಆರ್ಗ್‌ನಲ್ಲಿ ಕೆಲಸ ತಾನು ಹುಟ್ಟಿದ ಟಿಪ್ಪಣಿಯ ಮಡಿಲಲ್ಲೇ ಉಳಿಯುತ್ತದೆ. ಎಲ್ಲ ಫೈಲುಗಳಲ್ಲಿ ಚದುರಿರುವ ಕೆಲಸಗಳನ್ನು ಆಯ್ದು ಇವತ್ತಿನ ದಿನಕ್ಕೊಂದು ಪಟ್ಟಿ ಮಾಡಿ ತೋರಿಸುವ ಹೊಣೆಯನ್ನು ‘ಅಜೆಂಡಾ’ ಎಂಬ ಕಿಟಕಿ ಹೊತ್ತುಕೊಳ್ಳುತ್ತದೆ. 2007ರ ಈಮ್ಯಾಕ್ಸ್ 22ರಿಂದ ಆರ್ಗ್ ಸಂಪಾದಕದ ಜೊತೆಯಲ್ಲೇ ಬರುತ್ತಿದೆ. ಡೊಮಿನಿಕ್ ಅವರ ನಂತರ ಬಾಸ್ಟಿಯನ್ ಗೆರಿ, ಅವರ ನಂತರ ಇಹೋರ್ ರಾಡ್ಚೆಂಕೊ ಅದರ ಉಸ್ತುವಾರಿ ವಹಿಸಿಕೊಂಡರು. ಕೈ ಬದಲಾದರೂ ಫೈಲಿನ ರೂಪ ಅದೇ ಇದೆ.

ಫೈಲಿನ ರೂಪ ಎಂದೆ. ಅದು ಬರೀ ಅಕ್ಷರ. ಸಾಲಿನ ಮೊದಲಲ್ಲಿ ಒಂದು ನಕ್ಷತ್ರ ಚಿಹ್ನೆ ಇಟ್ಟರೆ ಶೀರ್ಷಿಕೆ. ಎರಡಿಟ್ಟರೆ ಅದರೊಳಗಿನ ಉಪಶೀರ್ಷಿಕೆ. ಟ್ಯಾಬ್ ಒತ್ತಿದರೆ ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಶೀರ್ಷಿಕೆಯ ಮುಂದೆ ಸ್ಥಿತಿಯ ಪದ, ಕೆಳಗೆ ಕೋನದ ಆವರಣದೊಳಗೆ ತಾರೀಖು, ಅದರ ಕೆಳಗೆ ಎಷ್ಟು ಬೇಕಾದರೂ ಬರವಣಿಗೆ. ಈಮ್ಯಾಕ್ಸ್ ಇಲ್ಲದ ಯಂತ್ರದಲ್ಲೂ, ಅತಿ ಸಾಮಾನ್ಯ ನೋಟ್‌ಪ್ಯಾಡಿನಲ್ಲೂ ಆ ಫೈಲು ತೆರೆಯುತ್ತದೆ, ಓದಲು ಬರುತ್ತದೆ.

ಕನ್ನಡದವರಿಗೆ ಇದರ ಬೆಲೆ ಸ್ವಲ್ಪ ಹೆಚ್ಚೇ ಗೊತ್ತಾಗಬೇಕು. ನನ್ನದು ಪುಸ್ತಕಗಳ ಕರಡು ತಿದ್ದುವ ಕೆಲಸ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಹಸ್ತಪ್ರತಿಗಳು ಈಗಲೂ ಕೈಗೆ ಬರುತ್ತವೆ. ಆ ಕಾಲದಲ್ಲಿ ಅಕ್ಷರಕ್ಕೆ ಎಲ್ಲರೂ ಒಪ್ಪಿದ ಸಂಕೇತವಿರಲಿಲ್ಲ. ಪ್ರತಿ ತಂತ್ರಾಂಶದ ಫಾಂಟಿಗೂ ಅದರದೇ ಲೆಕ್ಕ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಪರಿವರ್ತಕಕ್ಕೆ ಹಾಕಿದರೆ ಒತ್ತಕ್ಷರ ಎಲ್ಲೋ ಜಾರುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. ಬರೆದವರು ತೀರಿಕೊಂಡಿರುತ್ತಾರೆ, ಮೂಲಪ್ರತಿ ಇರುವುದಿಲ್ಲ. ಆಗ ಒಂದೊಂದು ಪದಕ್ಕೂ ಊಹೆ. ಸಲಕರಣೆ ಹೋದ ಮೇಲೂ ಬರಹ ಉಳಿಯಬೇಕು ಎಂಬ ಮಾತಿನ ತೂಕ ಅಂಥ ಹಾಳೆಯ ಮುಂದೆ ಕೂತಾಗ ತಿಳಿಯುತ್ತದೆ. ಮನೆಯ ಲೆಕ್ಕ, ಔಷಧಿಯ ವಿವರ, ಯಾರಿಗೆ ಏನು ಮಾತು ಕೊಟ್ಟೆವು ಎಂಬುದು ಕಾದಂಬರಿಗಿಂತ ಕಡಿಮೆಯ ಬರಹವೇನಲ್ಲ. ಅದೂ ಯೂನಿಕೋಡಿನ ಸಾದಾ ಅಕ್ಷರದಲ್ಲೇ ಇರಲಿ ಎಂಬುದು ನನ್ನ ಆಸೆ.

ಒಮ್ಮೆ ಭಾವ ಮನೆಗೆ ಬಂದಿದ್ದವರು ಪರದೆ ನೋಡಿ ಕೇಳಿದರು: “ಅಲ್ಲಪ್ಪಾ, ಇಷ್ಟೆಲ್ಲ ಯಾಕೆ? ಒಂದು ಆ್ಯಪ್ ಹಾಕ್ಕೊಂಡ್ರೆ ಮುಗೀತಲ್ಲ?”

“ಹಾಕ್ಕೋಬಹುದು ಭಾವ. ಆದ್ರೆ ನಿಮ್ಮ ಆ್ಯಪ್‌ಗೆ ಚೀಟಿ ಕಂತು ಬೇರೆ, ಸಂತೆ ಬೇರೆ, ಟ್ಯಾಂಕ್ ತೊಳೆಸೋದು ಬೇರೆ ಅಂತ ಗೊತ್ತಾ?” ಅಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ನಾನು ತೋರಿಸಿದ್ದು ಇಷ್ಟು. ಮತ್ತೆ ಮತ್ತೆ ಬರುವ ಕೆಲಸದ ತಾರೀಖಿನ ಪಕ್ಕ, ಆವರಣದೊಳಗೇ, ಒಂದು + ಚಿಹ್ನೆ, ಒಂದು ಅಂಕೆ, ಮತ್ತು ದಿನವೋ ವಾರವೋ ತಿಂಗಳೋ ಎಂದು ಹೇಳುವ ಒಂದು ಇಂಗ್ಲಿಷ್ ಅಕ್ಷರ ಇಡಬೇಕು. ಬರೀ + ಇಟ್ಟರೆ, ಕೆಲಸ ಆಯ್ತು ಎಂದಾಗ ತಾರೀಖು ಸರಿಯಾಗಿ ಒಂದು ಅವಧಿ ಮಾತ್ರ ಮುಂದೆ ಹೋಗುತ್ತದೆ. ಚೀಟಿಯ ಕಂತಿಗೆ ಇದೇ ಸರಿ: ಎರಡು ತಿಂಗಳು ಕಟ್ಟದಿದ್ದರೆ ಎರಡು ಸಲ ಕಟ್ಟಲೇಬೇಕು, ಒಂದು ಸಲ ಗುರುತು ಹಾಕಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಎರಡು + ಇಟ್ಟರೆ, ತಪ್ಪಿಹೋದ ಸರದಿಗಳನ್ನೆಲ್ಲ ಬಿಟ್ಟು, ಅದೇ ವಾರದ, ಮುಂದೆ ಬರುವ ದಿನಕ್ಕೆ ಹೋಗಿ ನಿಲ್ಲುತ್ತದೆ. ಇದು ವಾರದ ಸಂತೆಗೆ. ಕಳೆದ ಮೂರು ಸಂತೆಗೆ ಹೋಗಲಿಲ್ಲವೆಂದು ಈಗ ಮೂರು ಸಲ ಹೋಗಲು ಬರುವುದಿಲ್ಲ. ಆದರೆ ಸಂತೆ ನಡೆಯುವ ವಾರ ಬದಲಾಗುವುದೂ ಇಲ್ಲ. ಚುಕ್ಕೆ ಇಟ್ಟು + ಹಾಕಿದರೆ, ಕೆಲಸ ನಿಜಕ್ಕೂ ಮುಗಿದ ದಿನದಿಂದ ಎಣಿಕೆ ಶುರು. ಇದು ತಾರಸಿಯ ನೀರಿನ ಟ್ಯಾಂಕ್ ತೊಳೆಸುವುದಕ್ಕೆ. ಮಾರ್ಚಿನಲ್ಲಿ ಆಗಬೇಕಿದ್ದದ್ದು ಏಪ್ರಿಲ್ ಕೊನೆಗೆ ಆಯಿತೆಂದರೆ ಮುಂದಿನ ಮೂರು ತಿಂಗಳನ್ನು ಏಪ್ರಿಲ್ ಕೊನೆಯಿಂದಲೇ ಲೆಕ್ಕ ಹಾಕಬೇಕು, ಯಾಕೆಂದರೆ ಪಾಚಿ ಕಟ್ಟುವುದು ತೊಳೆದ ದಿನದಿಂದ.

“ಸಾಲ, ಸಂತೆ, ಪಾಚಿ!” ಎಂದು ಭಾವ ಬೆರಳು ಮಡಚಿದರು. “ಇದನ್ನ ಯಾರೋ ಸಂಸಾರಸ್ಥನೇ ಬರ್ದಿರಬೇಕು ಕಣಯ್ಯಾ.”

ಮೂರು ಚಿಹ್ನೆಗಳಲ್ಲಿ ಮನುಷ್ಯನ ಮೂರು ಬಗೆಯ ಹೊಣೆ ಅಡಗಿದೆ. ಬಾಕಿ ಉಳಿಯುವುದು, ಕಳೆದರೆ ಕಳೆದುಹೋಗುವುದು, ಮಾಡಿದಂದಿನಿಂದ ಮತ್ತೆ ಬೆಳೆಯುವುದು. ಈ ಭೇದ ನಮ್ಮ ತಾಯಂದಿರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು. ಯಂತ್ರಕ್ಕೂ ಗೊತ್ತಾದರೆ ನೆನಪಿನ ಹೊರೆ ಇಳಿಯುತ್ತದೆ.

ತಿಂಗಳ ತಾರೀಖಿಗೆ ಕಟ್ಟುಬೀಳದ ದಿನಗಳೂ ಇವೆಯಲ್ಲ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಒಂದೊಂದು ತಿಂಗಳೂ ಅದು ಬೇರೆ ತಾರೀಖು. ಈಮ್ಯಾಕ್ಸಿನ ಪಂಚಾಂಗದಲ್ಲಿ ಡೈರಿ-ಫ್ಲೋಟ್ ಎಂಬ ಪುಟ್ಟ ಕ್ರಿಯೆಯಿದೆ. ಅದಕ್ಕೆ ಮೂರು ವಿಷಯ ಹೇಳಬೇಕು: ಯಾವ ತಿಂಗಳು, ಯಾವ ವಾರ, ಎಷ್ಟನೆಯದು. ಭಾನುವಾರ 0 ಆದ್ದರಿಂದ ಶನಿವಾರ 6. ‘ಎಲ್ಲ ತಿಂಗಳು, 6, 2’ ಎಂದು ಒಂದು ಸಾಲು, ‘ಎಲ್ಲ ತಿಂಗಳು, 6, 4’ ಎಂದು ಇನ್ನೊಂದು ಸಾಲು. ಅಷ್ಟಾದರೆ ಎಷ್ಟು ವರ್ಷ ಮುಂದಕ್ಕೆ ಹೋದರೂ ಆ ದಿನಗಳ ಮೇಲೆ ‘ಬ್ಯಾಂಕ್ ಇಲ್ಲ’ ಎಂದು ಬರುತ್ತದೆ. ವಾರ್ಷಿಕ ದಿನಗಳಿಗೆ ಇನ್ನೊಂದು ಕ್ರಿಯೆ. 1956, 11, 1 ಎಂದು ಕೊಟ್ಟು ‘ರಾಜ್ಯೋದಯವಾಗಿ ಇಷ್ಟು ವರ್ಷ’ ಎಂದು ಬರೆದಿಟ್ಟರೆ, ಪ್ರತಿ ನವೆಂಬರ್ ಒಂದಕ್ಕೆ ಆ ‘ಇಷ್ಟು’ ಎಂಬ ಜಾಗವನ್ನು ತಾನೇ ಲೆಕ್ಕ ಹಾಕಿ ತುಂಬುತ್ತದೆ. ಅಕ್ಕನ ಮಗಳ ಹುಟ್ಟುಹಬ್ಬಕ್ಕೂ ಅದೇ ಸಾಲು.

ಪಂಚಾಂಗದ ಮಾತು ಬಂತು. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈಮ್ಯಾಕ್ಸಿನ ಪಂಚಾಂಗವನ್ನು ಬರೆದವರು ಎಡ್ವರ್ಡ್ ರೈನ್‌ಗೋಲ್ಡ್. ಅದರಲ್ಲಿ ಯಹೂದಿ, ಇಸ್ಲಾಮಿ, ಪರ್ಶಿಯನ್, ಚೀನೀ, ಮಾಯಾ ಜನರ ಕಾಲಗಣನೆಗಳು, ಫ್ರೆಂಚ್ ಕ್ರಾಂತಿಯ ಕ್ಯಾಲೆಂಡರ್ ಕೂಡ ಇವೆ. ನಮ್ಮ ಚಾಂದ್ರಮಾನ ಅದರಲ್ಲಿ ಇಲ್ಲ. ಆದರೆ ಅವರೇ ನಾಹುಮ್ ಡೆರ್ಶೋವಿಟ್ಜ್ ಜೊತೆ ಸೇರಿ ಬರೆದ, ಜಗತ್ತಿನ ಕ್ಯಾಲೆಂಡರುಗಳ ಲೆಕ್ಕಾಚಾರದ ದೊಡ್ಡ ಪುಸ್ತಕದಲ್ಲಿ ಭಾರತೀಯ ಪಂಚಾಂಗಕ್ಕೂ ಅಧ್ಯಾಯವಿದೆ, ಅದರ ಲೆಕ್ಕ ಲಿಸ್ಪ್ ಭಾಷೆಯಲ್ಲೇ ಇದೆ. ಇನ್ನು ಈಮ್ಯಾಕ್ಸ್ ಒಳಗೇ ಚಂದ್ರನ ಕಲೆಗಳ ಲೆಕ್ಕ ಇದೆ, ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಸೂರ್ಯೋದಯದ ಹೊತ್ತೂ ಇದೆ. ಮೈಸೂರಿಗೆ 12.3 ಮತ್ತು 76.65 ಎಂದು ಬರೆದಿಟ್ಟೆ. ಒಂದು ಸಾಲು ಸೇರಿಸಿದ್ದಕ್ಕೆ ಅಜೆಂಡಾದಲ್ಲಿ ಅಮಾವಾಸ್ಯೆ, ಹುಣ್ಣಿಮೆ ಗಂಟೆ ನಿಮಿಷದ ಸಮೇತ ಬರತೊಡಗಿದವು.

ಅಮ್ಮನ ಒಂಟಿಕೊಪ್ಪಲ್ ಪಂಚಾಂಗದ ಜೊತೆ ಹೋಲಿಸಿದಾಗ ಕೆಲವು ತಿಂಗಳು ಒಂದು ದಿನದ ವ್ಯತ್ಯಾಸ ಕಂಡಿತು. “ನಿನ್ನ ಕಂಪ್ಯೂಟರು ಅಮಾಸೆನ ನಾಳೆಗೆ ಹಾಕಿದೆಯಲ್ಲೋ” ಎಂದರು ಅಮ್ಮ. ಇಬ್ಬರ ಲೆಕ್ಕವೂ ಸರಿಯೇ. ಸೂರ್ಯ ಚಂದ್ರರು ಒಂದೇ ರೇಖಾಂಶಕ್ಕೆ ಬರುವ ಗಳಿಗೆಯನ್ನು ಈಮ್ಯಾಕ್ಸ್ ಹೇಳುತ್ತದೆ. ಆ ಗಳಿಗೆಗೆ ಅಮಾವಾಸ್ಯೆ ತಿಥಿ ಮುಗಿದು ಪಾಡ್ಯ ಶುರುವಾಗುತ್ತದೆ. ನಮ್ಮ ದಿನಕ್ಕೆ ಹೆಸರು ಬರುವುದು ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇತ್ತು ಎಂಬುದರ ಮೇಲೆ. ಆ ಗಳಿಗೆ ಬೆಳಗಿನ ಜಾವ ಐದಕ್ಕೆ ಬಿದ್ದರೆ, ಸೂರ್ಯ ಹುಟ್ಟುವಷ್ಟರಲ್ಲಿ ಪಾಡ್ಯ ಬಂದಿರುತ್ತದೆ. ಅಮಾವಾಸ್ಯೆ ಸಾಮಾನ್ಯವಾಗಿ ಹಿಂದಿನ ದಿನದ್ದು. ಹೀಗಾಗಿ ಒಂದು ಚಿಕ್ಕ ಕ್ರಿಯೆ ಬರೆದೆ: ಚಂದ್ರನ ಗಳಿಗೆ ಆ ದಿನದ ಸೂರ್ಯೋದಯಕ್ಕಿಂತ ಮುಂಚೆ ಇದ್ದರೆ ಹಿಂದಿನ ದಿನಕ್ಕೆ ತೋರಿಸು, ಇಲ್ಲವಾದರೆ ಅದೇ ದಿನಕ್ಕೆ. ಬೆರಳೆಣಿಕೆಯ ಸಾಲುಗಳು. ಶ್ರಾದ್ಧ, ತರ್ಪಣಗಳಿಗೆ ಬೇರೆ ನಿಯಮಗಳೂ ಇರುವುದರಿಂದ ಆ ತೀರ್ಮಾನ ಪಂಚಾಂಗದ್ದೇ, ಅಮ್ಮನದೇ. ಆದರೆ ಅಮ್ಮ ಒಂದು ಸಂದೇಹ ಎತ್ತಿದರು, ಆ ಸಂದೇಹಕ್ಕೆ ಸಂಪಾದಕ ಬಗ್ಗಿತು. ಜಗತ್ತಿನ ಯಾವ ಕಂಪನಿಯ ಅನುಮತಿಯನ್ನೂ ಅದಕ್ಕಾಗಿ ಕೇಳಬೇಕಾಗಲಿಲ್ಲ.

ಸ್ಥಿತಿಯ ಪದಗಳ ಕತೆಯೂ ಹಾಗೆಯೇ. ಆರ್ಗ್‌ನಲ್ಲಿ ‘ಟೂಡೂ’, ‘ಡನ್’ ಎಂಬ ಎರಡು ಸ್ಥಿತಿಗಳು ಮೊದಲೇ ಇರುತ್ತವೆ. ಅವುಗಳ ಜಾಗದಲ್ಲಿ ಯಾವ ಪದ ಬೇಕಾದರೂ ಇಡಬಹುದು, ಕನ್ನಡದಲ್ಲೂ. ನನ್ನ ಫೈಲಿನಲ್ಲಿ ‘ಮಾಡಬೇಕು’, ‘ಹೇಳಿದೆ’ ಎಂಬೆರಡು, ಒಂದು ಉದ್ದಗೆರೆ, ಅದರಾಚೆ ‘ಆಯ್ತು’, ‘ಬಿಟ್ಟೆ’. ಇವುಗಳಲ್ಲಿ ‘ಹೇಳಿದೆ’ ಬಹಳ ಮುಖ್ಯ. ಸಂಸಾರದ ಅರ್ಧ ಕೆಲಸ ನಾವು ಮಾಡುವುದಲ್ಲ, ಹೇಳುವುದು. ಬಾಗಿಲ ಚಿಲಕಕ್ಕೆ ಆಚಾರಿಗೆ ಹೇಳಿದೆ, ಸೋರುವ ನಲ್ಲಿಗೆ ಪ್ಲಂಬರಿಗೆ ಹೇಳಿದೆ, ಮುಖಪುಟಕ್ಕೆ ಕಲಾವಿದರಿಗೆ ಹೇಳಿದೆ. ಅವರು ಬರುವವರೆಗೆ ಆ ಕೆಲಸ ಮುಗಿದದ್ದೂ ಅಲ್ಲ, ನನ್ನ ಕೈಯಲ್ಲಿರುವುದೂ ಅಲ್ಲ. ಆ ಪದದ ಪಕ್ಕದ ಆವರಣದಲ್ಲಿ ಒಂದು @ ಚಿಹ್ನೆ ಇಟ್ಟಿದ್ದೇನೆ. ‘ಹೇಳಿದೆ’ ಎಂದು ಬದಲಿಸಿದ ಕೂಡಲೇ ಪುಟ್ಟ ಕಿಟಕಿ ತೆರೆದು ಟಿಪ್ಪಣಿ ಕೇಳುತ್ತದೆ. ಯಾರಿಗೆ ಹೇಳಿದೆ, ಏನೆಂದರು ಎಂದು ಬರೆಯುತ್ತೇನೆ. ತಾರೀಖು, ಹೊತ್ತನ್ನು ಅದೇ ಸೇರಿಸಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ ಒಂದು ಕೀಲಿ ಒತ್ತಿದರೆ ‘ಹೇಳಿದೆ’ ಎಂದಿರುವ ಕೆಲಸಗಳಷ್ಟೇ ಸಾಲಾಗಿ ಬರುತ್ತವೆ. ಒಬ್ಬೊಬ್ಬರಿಗೂ ಫೋನ್ ಮಾಡುವಾಗ, “ಹೋದ ಮಂಗಳವಾರ ಮಾತಾಡಿದ್ವಲ್ಲ ಆಚಾರ್ರೇ” ಎಂದು ಸಮಾಧಾನವಾಗಿ ಶುರು ಮಾಡಬಹುದು. ನೆನಪು ಖಚಿತವಾಗಿದ್ದರೆ ಮಾತು ಮೆತ್ತಗಿರುತ್ತದೆ.

ಕೆಲಸದ ನಡುವೆ ಬಂದ ಮಾತನ್ನು ಹಿಡಿದಿಡುವ ‘ಕ್ಯಾಪ್ಚರ್’ ಎಂಬ ಅನುಕೂಲವನ್ನು ಕರಡು ತಿದ್ದುವವರು ಮೆಚ್ಚದೆ ಇರಲಾರರು. ನೂರ ಎಂಬತ್ತನೇ ಪುಟದಲ್ಲಿ ಒಂದು ಊರಿನ ಹೆಸರು ಬೇರೆ ಕಾಗುಣಿತದಲ್ಲಿದೆ, ಲೇಖಕರನ್ನು ಕೇಳಬೇಕು. ಕೀಲಿ ಒತ್ತಿದರೆ ಕಿಟಕಿ, ಅದರಲ್ಲಿ ಒಂದು ಸಾಲು, ಕಂಟ್ರೋಲ್ ಹಿಡಿದು ಎರಡು ಸಲ ‘ಸಿ’ ಒತ್ತಿದರೆ ಕಿಟಕಿ ಮಾಯ. ನಾನು ಮತ್ತೆ ಅದೇ ಅಕ್ಷರದ ಮೇಲೆ. ಆ ಸಾಲಿನ ಜೊತೆ, ನಾನು ಕೇಳಿದಂತೆ, ಫೈಲಿನ ಆ ಜಾಗಕ್ಕೆ ಕೊಂಡಿಯೂ ಸೇರಿಕೊಂಡಿರುತ್ತದೆ. ಸಂಜೆ ಲೇಖಕರಿಗೆ ಫೋನ್ ಮಾಡುವಾಗ ಪುಟ ಹುಡುಕುವ ತಾಪತ್ರಯವಿಲ್ಲ.

ಕನ್ನಡಕ್ಕೆ ಇಲ್ಲಿ ತೊಡಕುಗಳೂ ಇವೆ, ಅವನ್ನು ಹೇಳಲೇಬೇಕು. ಆರ್ಗ್‌ನಲ್ಲಿ ಉದ್ದಗೆರೆ ಎಳೆದು ಕೋಷ್ಟಕ ಬರೆಯಬಹುದು, ಟ್ಯಾಬ್ ಒತ್ತಿದಾಗಲೆಲ್ಲ ಕಂಬಗಳು ಸರಿಹೊಂದುತ್ತವೆ, ಕೂಡು-ಗುಣಿಸು ಲೆಕ್ಕವೂ ನಡೆಯುತ್ತದೆ. ಎಲ್ಲ ಅಕ್ಷರವೂ ಸಮ ಅಗಲದ್ದು ಎಂಬ ಎಣಿಕೆಯ ಮೇಲೆ ಆ ಹೊಂದಾಣಿಕೆ ನಿಂತಿದೆ. ‘ದ’ ಒಂದಗಲ, ‘ಸ್ತ್ರೀ’ ಇನ್ನೊಂದಗಲ ಇರುವ ನಮ್ಮ ಲಿಪಿಯಲ್ಲಿ ಗೆರೆ ಓರೆಯಾಗುತ್ತದೆ. ವ್ಯಾಲೈನ್ ಎಂಬ ಹೆಚ್ಚುವರಿ ಹಾಕಿಕೊಂಡರೆ ಅದು ಪರದೆಯ ಚುಕ್ಕೆಗಳನ್ನು ಅಳೆದು ನೇರ ಮಾಡಿ ತೋರಿಸುತ್ತದೆ. ಟೈಪಿಸುವ ವಿಚಾರದಲ್ಲಿ ಇನ್ನೊಂದು. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳು ನಮ್ಮಲ್ಲಿ ಬಹಳ. ಇಡೀ ಯಂತ್ರದ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿದರೆ ಈಮ್ಯಾಕ್ಸಿನ ಆಜ್ಞೆಗಳು ಕನ್ನಡ ಅಕ್ಷರವಾಗಿ ತಲುಪಿ ಕೆಲಸ ನಿಲ್ಲುತ್ತದೆ. ಹೀಗಾಗಿ ಈಮ್ಯಾಕ್ಸಿನ ಒಳಗಿನ ಕನ್ನಡ ಲಿಪ್ಯಂತರ ವ್ಯವಸ್ಥೆಯನ್ನೇ ಬಳಸುವುದು ಲೇಸು. ಅಲ್ಲಿ ಅಕ್ಷರ ಕನ್ನಡವಾಗುತ್ತದೆ, ಆಜ್ಞೆ ಆಜ್ಞೆಯಾಗಿಯೇ ಉಳಿಯುತ್ತದೆ. ಅದರ ಕೀಲಿಗಳು ಬೆರಳಿಗೆ ಹೊಂದದಿದ್ದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ನಾವೇ ಬರೆದುಕೊಡಬಹುದು.

ಹೀಗೆ ತಿದ್ದುತ್ತಾ ಹೋದರೆ ತಿದ್ದುವುದೇ ಕೆಲಸವಾಗದೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ನಾನು ಪಾಲಿಸುವ ನಿಯಮ ಒಂದೇ. ದಿನದ ಕೆಲಸದಲ್ಲಿ ಒಂದೇ ತೊಡಕು ಮತ್ತೆ ಮತ್ತೆ ಎದುರಾದರೆ ಮಾತ್ರ ತಿದ್ದುವುದು. ಇನ್ನೊಬ್ಬರ ಸಜ್ಜು ಚೆನ್ನಾಗಿದೆಯೆಂದು ಅದನ್ನು ಇಡಿಯಾಗಿ ತಂದಿಟ್ಟುಕೊಳ್ಳುವುದಿಲ್ಲ. ಅದು ಅವರ ಮನೆಗೆ ಹೊಲಿಸಿದ್ದು. ಏನು ತಿದ್ದಬೇಕೆಂದು ತಿಳಿಯದಿದ್ದಾಗ ಸಂಪಾದಕವೇ ಗುರು. ಕಂಟ್ರೋಲ್-ಎಚ್ ಒತ್ತಿ, ‘ಕೆ’ ಒತ್ತಿ, ಆಮೇಲೆ ಯಾವುದೇ ಕೀಲಿ ಒತ್ತಿದರೂ ಅದು ಏನು ಮಾಡುತ್ತದೆ, ಯಾವ ಕ್ರಿಯೆಯ ಹೆಸರು, ಅದರ ಮೂಲ ಬರಹ ಎಲ್ಲಿದೆ ಎಂಬುದೆಲ್ಲ ಪರದೆಗೆ ಬರುತ್ತದೆ. ಇಷ್ಟು ಬಿಚ್ಚುಮನಸ್ಸಿನ ಸಲಕರಣೆಯನ್ನು ನಾನು ಬೇರೆ ನೋಡಿಲ್ಲ.

ಇದೆಲ್ಲ ಪ್ರೋಗ್ರಾಮರುಗಳಿಗೆ ಸರಿ, ಉಳಿದವರಿಗಲ್ಲ ಎಂಬ ಮಾತಿಗೆ ಇತಿಹಾಸದಲ್ಲೇ ಉತ್ತರವಿದೆ. ಸ್ಟಾಲ್ಮನ್ ತಮ್ಮ ಭಾಷಣವೊಂದರಲ್ಲಿ ಹೇಳಿದ ಸಂಗತಿ ಇದು. ಬರ್ನಾರ್ಡ್ ಗ್ರೀನ್‌ಬರ್ಗ್ ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಲಿಸ್ಪ್‌ನಲ್ಲಿ ಒಂದು ಈಮ್ಯಾಕ್ಸ್ ಬರೆದಿದ್ದರು. ಅವರ ಕಚೇರಿಯ ಕಾರ್ಯದರ್ಶಿಗಳು ಅದನ್ನು ಬಳಸಲು ಕಲಿತರು. ಅವರ ಕೈಗೆ ಸಿಕ್ಕ ಕೈಪಿಡಿಯಲ್ಲಿ ಈಮ್ಯಾಕ್ಸಿಗೆ ಹೊಸ ಕ್ರಿಯೆ ಸೇರಿಸುವುದು ಹೇಗೆಂದು ಇತ್ತು, ಆದರೆ ಅದಕ್ಕೆ ಪ್ರೋಗ್ರಾಮಿಂಗ್ ಎನ್ನುತ್ತಾರೆಂದು ಎಲ್ಲೂ ಬರೆದಿರಲಿಲ್ಲ. ತಮ್ಮಿಂದ ಪ್ರೋಗ್ರಾಮಿಂಗ್ ಸಾಧ್ಯವಿಲ್ಲ ಎಂದುಕೊಂಡಿದ್ದವರು ಹೆದರದೆ ಓದಿದರು, ತಮಗೆ ಬೇಕಾದ್ದನ್ನು ಮಾಡಿಕೊಂಡರು, ಹಾಗೆ ಮಾಡುತ್ತಲೇ ಪ್ರೋಗ್ರಾಮಿಂಗ್ ಕಲಿತರು.

ಅಂಥದೊಂದು ಕೈಪಿಡಿ ಕನ್ನಡದಲ್ಲಿ ಬರಬೇಕು. ದಪ್ಪ ಬೇಡ, ನಲವತ್ತು ಪುಟ ಸಾಕು. ಮೊದಲ ಪುಟದಲ್ಲಿ ಒಂದು ಫೈಲು ತೆರೆದು, ನಕ್ಷತ್ರ ಇಟ್ಟು, ‘ಮಾಡಬೇಕು’ ಎಂದು ಬರೆಯುವುದು. ಆಮೇಲೆ ಕಂತು, ಸಂತೆ, ಟ್ಯಾಂಕು. ಆಮೇಲೆ ಎರಡನೇ ಶನಿವಾರ, ನಂತರ ಅಮಾವಾಸ್ಯೆ. ಅಂಗನವಾಡಿ ಕಾರ್ಯಕರ್ತೆ ತನ್ನ ದಾಖಲೆಗೆ ಬೇಕಾದ ಹಾಗೆ, ಹೊಲಿಗೆ ಅಂಗಡಿಯವರು ಕೊಡಬೇಕಾದ ಬಟ್ಟೆಯ ತಾರೀಖಿಗೆ ಬೇಕಾದ ಹಾಗೆ, ಅಡಿಕೆ ಬೆಳೆಗಾರರು ಬೋರ್ಡೋ ದ್ರಾವಣ ಹೊಡೆಯುವ ಸರದಿಗೆ ಬೇಕಾದ ಹಾಗೆ ಒಂದೊಂದು ಸಾಲು ತಿದ್ದಿಕೊಳ್ಳುವಂತಿರಬೇಕು. ‘ಇದು ನಿಮ್ಮಿಂದ ಆಗದು’ ಎಂಬ ಮಾತು ಅದರಲ್ಲಿ ಬರಲೇಬಾರದು. ಬರೆಯಲು ಶುರು ಮಾಡಿದ್ದೇನೆ. ಬೇರೆಯವರೂ ಬರೆಯಲಿ, ಇನ್ನೂ ಚೆನ್ನಾಗಿ ಬರೆಯಲಿ. ಫೈಲು ಸಾದಾ ಅಕ್ಷರದಲ್ಲಿದೆ, ಯಾರು ಬೇಕಾದರೂ ತಿದ್ದಬಹುದು.